ಬೇಸಿಗೆಯ ಹಿತ್ತಿಲ ಈಜುಕೊಳ: ನೀರು ಕೆಟ್ಟಾಗ ಕಾರಣ ಹುಡುಕುವ ಕ್ರಮ

ಮಾರ್ಚ್ ಕೊನೆಯಲ್ಲಿ ಮಕ್ಕಳ ಪರೀಕ್ಷೆ ಮುಗಿಯುತ್ತಿದ್ದಂತೆ ಹಿತ್ತಿಲಿನಲ್ಲೋ ತೋಟದ ಮನೆಯ ಅಂಗಳದಲ್ಲೋ ಕೊಳವೆಗಳ ಚೌಕಟ್ಟು ನಿಲ್ಲಿಸಿ, ದಪ್ಪ ಪ್ಲಾಸ್ಟಿಕ್ ಹಾಳೆಯ ಕೊಳ ಕಟ್ಟಿ, ಜೂನ್ ಮಳೆ ಹಿಡಿಯುವ ಹೊತ್ತಿಗೆ ಬಿಚ್ಚಿಡುವ ರೂಢಿ ಈಗ ನಮ್ಮ ಊರುಗಳಲ್ಲೂ ಕಾಣುತ್ತಿದೆ. ಈ ಕೈಪಿಡಿ ಅಂಥ ಕೊಳಗಳಿಗಾಗಿ, ಅಂದರೆ ಎರಡು ಸಾವಿರದಿಂದ ಇಪ್ಪತ್ತು ಸಾವಿರ ಲೀಟರ್ ನೀರು ಹಿಡಿಯುವ, ಚಿಕ್ಕ ಪಂಪು ಮತ್ತು ಕಾರ್ಟ್ರಿಜ್ ಫಿಲ್ಟರ್ ಇರುವ ಕೊಳಗಳಿಗಾಗಿ ಬರೆದದ್ದು. ಫಿಲ್ಟರೇ ಇಲ್ಲದ, ಗಾಳಿ ತುಂಬಿಸುವ ಪುಟ್ಟ ತೊಟ್ಟಿಗಳಿಗೆ ಇಷ್ಟೆಲ್ಲ ಬೇಕಿಲ್ಲ. ಅವುಗಳ ನೀರನ್ನು ದಿನದ ಆಟ ಮುಗಿದೊಡನೆ ಗಿಡಗಳಿಗೆ ಹಾಯಿಸಿ, ತೊಟ್ಟಿಯನ್ನು ಉಜ್ಜಿ ಬಿಸಿಲಿಗೆ ಒಣಗಿಸುವುದೇ ಸರಿಯಾದ ಕ್ರಮ.

ನೀರು ಕೆಟ್ಟಿತೆಂದರೆ ಬಹಳ ಮಂದಿ ಮಾಡುವುದು ಎರಡೇ ಕೆಲಸ: ಕೈಗೆ ಸಿಕ್ಕಷ್ಟು ಬ್ಲೀಚಿಂಗ್ ಪೌಡರ್ ಸುರಿಯುವುದು, ಇಲ್ಲವೇ ಇದ್ದ ನೀರನ್ನೆಲ್ಲ ಚೆಲ್ಲಿ ಹೊಸ ಟ್ಯಾಂಕರ್ ತರಿಸುವುದು. ಮೊದಲನೆಯದರಿಂದ ನಿಜವಾದ ದೋಷ ಮರೆಯಾಗುತ್ತದೆ. ಎರಡನೆಯದು ದುಬಾರಿ, ಮೇಲಾಗಿ ಬೀದಿಯವರು ಕೊಡ ಹಿಡಿದು ನಲ್ಲಿಯ ಮುಂದೆ ನಿಂತಿರುವ ಕಾಲದಲ್ಲಿ ಸಲ್ಲದ ಕೆಲಸ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿದ್ದು ಅನೇಕರಿಗೆ ನೆನಪಿರಬಹುದು. ಹಾಗಾಗಿ ಇಲ್ಲಿ ಹಿಡಿದಿರುವ ದಾರಿ ಇಷ್ಟೇ: ಅಳೆಯದೆ ಏನನ್ನೂ ಸುರಿಯಬಾರದು, ಮತ್ತು ನೀರು ಬದಲಿಸುವ ಮಾತು ಬೇರೆಲ್ಲ ಪರೀಕ್ಷೆ ಮುಗಿದ ಮೇಲೆ ಬರಬೇಕು.

ಮೊದಲು ಬೇಕಾದ ಲೆಕ್ಕ ಮತ್ತು ಕಿಟ್

ಕೊಳದಲ್ಲಿ ಎಷ್ಟು ಲೀಟರ್ ನೀರಿದೆಯೆಂದು ತಿಳಿಯದೆ ಯಾವ ಔಷಧವನ್ನೂ ಅಳೆದು ಹಾಕಲಾಗದು. ದುಂಡು ಕೊಳವಾದರೆ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಬಂದದ್ದನ್ನು ನೀರಿನ ಆಳದಿಂದಲೂ 0.785ರಿಂದಲೂ ಗುಣಿಸಬೇಕು, ಅಳತೆ ಅಡಿಗಳಲ್ಲಿದ್ದರೆ ಆ ಉತ್ತರವನ್ನು 28.3ರಿಂದ ಗುಣಿಸಿದಾಗ ಲೀಟರ್ ಸಿಗುತ್ತದೆ. ಹತ್ತು ಅಡಿ ವ್ಯಾಸದ ಕೊಳದಲ್ಲಿ ಎರಡು ಅಡಿ ನೀರು ನಿಂತಿದ್ದರೆ ಅದು ಸುಮಾರು 4,400 ಲೀಟರ್. ಮುಂದಿನ ಉದಾಹರಣೆಗಳಲ್ಲಿ ಇದೇ ಕೊಳವನ್ನು ಇಟ್ಟುಕೊಂಡಿದ್ದೇನೆ.

ಕ್ಲೋರಿನ್ನಿನ ಪ್ರಮಾಣವನ್ನು ಪಿಪಿಎಂನಲ್ಲಿ ಹೇಳುತ್ತಾರೆ. ಸಾವಿರ ಲೀಟರಿಗೆ ಒಂದು ಗ್ರಾಂ ಕ್ಲೋರಿನ್ ಬಿದ್ದರೆ ಒಂದು ಪಿಪಿಎಂ ಏರುತ್ತದೆ. ಒಳ್ಳೆಯ ಬ್ಲೀಚಿಂಗ್ ಪೌಡರಿನಲ್ಲಿ ಶೇ. 33ರಷ್ಟು ಕ್ಲೋರಿನ್ ಇರುವುದರಿಂದ ಸಾವಿರ ಲೀಟರಿಗೆ ಮೂರು ಗ್ರಾಂ ಬೇಕು. ಶೇ. 10ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವಾದರೆ ಹತ್ತು ಮಿಲಿಲೀಟರ್, ಟಿಸಿಸಿಎ 90 ಎಂದು ಮಾರುವ ಪುಡಿ ಅಥವಾ ಬಿಲ್ಲೆಯಾದರೆ 1.1 ಗ್ರಾಂ ಸಾಕು. ಜನ ಇಳಿಯುವ ಹೊತ್ತಿನಲ್ಲಿ ಮುಕ್ತ ಕ್ಲೋರಿನ್, ಅಂದರೆ ಕೊಳೆಗೆ ಕೂಡದೆ ಇನ್ನೂ ಕೆಲಸಕ್ಕೆ ಉಳಿದಿರುವ ಕ್ಲೋರಿನ್, 1ರಿಂದ 3 ಪಿಪಿಎಂ ಒಳಗೂ, ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂದು ಹೇಳುವ ಪಿಎಚ್ 7.2ರಿಂದ 7.6ರ ಒಳಗೂ ಇರಬೇಕು.

ಅಳೆಯುವ ಕಿಟ್‌ಗಳಲ್ಲಿ ಎರಡು ಬಗೆ. ಕುಡಿಯುವ ನೀರಿನ ಟ್ಯಾಂಕಿಗೆ ಬಳಸುವ, ಹನಿ ಹಾಕಿದರೆ ಹಳದಿಯಾಗುವ ಓಟಿ ಕಿಟ್ ಅಗ್ಗ. ಆದರೆ ಅದು ಮುಕ್ತ ಕ್ಲೋರಿನ್ನನ್ನೂ ಕೊಳೆಯೊಂದಿಗೆ ಕೂಡಿ ಬಲಗೆಟ್ಟ ಕ್ಲೋರಿನ್ನನ್ನೂ ಸೇರಿಸಿ ತೋರಿಸುತ್ತದೆ. ಗುಲಾಬಿ ಬಣ್ಣ ಕೊಡುವ ಡಿಪಿಡಿ ಕಿಟ್ ಇವೆರಡನ್ನೂ ಬೇರ್ಪಡಿಸುತ್ತದೆ: ಒಂದನೇ ಮಾತ್ರೆಗೆ ಮುಕ್ತ ಕ್ಲೋರಿನ್, ಮೂರನೇ ಮಾತ್ರೆ ಸೇರಿಸಿದರೆ ಒಟ್ಟು ಕ್ಲೋರಿನ್. ದೋಷ ಹುಡುಕಲು ಬೇಕಾದದ್ದು ಡಿಪಿಡಿ ಕಿಟ್, ಅದಕ್ಕೆ ಖರ್ಚು ಮಾಡುವುದು ಒಂದು ಟ್ಯಾಂಕರ್ ಉಳಿಸಿದಂತೆ ಎಂಬುದು ನನ್ನ ಖಚಿತ ಅಭಿಪ್ರಾಯ. ನೀರಿನ ಮಾದರಿಯನ್ನು ಮೇಲ್ಮೈಯಿಂದ ತೆಗೆಯದೆ, ಕಿಟ್‌ನ ಪುಟ್ಟ ಕೊಳವೆಯನ್ನು ಬೋರಲಾಗಿ ಮೊಣಕೈ ಆಳಕ್ಕೆ ಇಳಿಸಿ ಅಲ್ಲಿ ತಿರುಗಿಸಿ ತುಂಬಬೇಕು. ಬಣ್ಣವನ್ನು ಬಿಳಿ ಗೋಡೆಯ ಎದುರು, ನೆರಳಿನಲ್ಲಿ ನೋಡಬೇಕು. ಓಟಿ ಹನಿ ವಿಷಕಾರಿಯಾದ್ದರಿಂದ ಅದು ಬೆರೆತ ಮಾದರಿಯನ್ನು ಕೊಳಕ್ಕೆ ಮರಳಿ ಸುರಿಯಬಾರದು.

ಡಬ್ಬಿ ತೆರೆಯುವ ಮುನ್ನ

ಬ್ಲೀಚಿಂಗ್ ಪೌಡರ್ ಮತ್ತು ಟಿಸಿಸಿಎ ಎರಡೂ ಕ್ಲೋರಿನ್ ಕೊಡುವ ವಸ್ತುಗಳೇ, ಆದರೆ ಅವು ಒಂದಕ್ಕೊಂದು ತಾಗಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಆದ್ದರಿಂದ ಎರಡಕ್ಕೂ ಒಂದೇ ಚಮಚ, ಒಂದೇ ಬಕೆಟ್, ಔಷಧ ತುಂಬಿ ಕೊಳದಲ್ಲಿ ತೇಲಿಬಿಡುವ ಒಂದೇ ಡಬ್ಬಿ ಬಳಸಕೂಡದು. ಶೌಚಾಲಯ ತೊಳೆಯುವ ಆ್ಯಸಿಡ್ ಬ್ಲೀಚಿಂಗ್ ಪೌಡರಿಗೆ ಬೆರೆತರೆ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಯಾವುದೇ ಔಷಧವಾದರೂ ಬಕೆಟ್ ತುಂಬ ನೀರಿಗೆ ಪುಡಿ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು. ಕೈಗೆ ರಬ್ಬರ್ ಗವಸು ಮತ್ತು ಕಣ್ಣಿಗೆ ಕನ್ನಡಕ ಬೇಕು, ಗಾಳಿ ಬೆನ್ನಿನ ಕಡೆಯಿಂದ ಬೀಸುತ್ತಿರಬೇಕು. ಘಾಟು ಅನಿಲ ಎದ್ದರೆ ಅಲ್ಲಿ ನಿಂತು ಸರಿಪಡಿಸಲು ಹೋಗದೆ ಎಲ್ಲರೂ ದೂರ ಸರಿಯಬೇಕು. ಕೆಮ್ಮು ನಿಲ್ಲದಿದ್ದರೆ ಅಥವಾ ಎದೆ ಬಿಗಿದರೆ 108ಕ್ಕೆ ಕರೆ ಮಾಡಬೇಕು. ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು.

ಪಂಪಿನ ವೈರನ್ನು 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ತಾನಾಗಿ ಬಿದ್ದು ಕರೆಂಟ್ ಕಡಿಯುವ ಸ್ವಿಚ್) ಮೂಲಕವೇ ಕೊಡಬೇಕು. ಜನ ನೀರಿನಲ್ಲಿರುವಾಗ ಪಂಪು ನಿಂತಿರಲಿ.

ಲಕ್ಷಣ: ಕಣ್ಣು ಉರಿ, ಮೂಗಿಗೆ ಬಡಿಯುವ ಕ್ಲೋರಿನ್ ವಾಸನೆ

ವಾಸನೆ ಜೋರಾಗಿದ್ದರೆ ಕ್ಲೋರಿನ್ ಹೆಚ್ಚಾಗಿದೆ ಎಂದೇ ಎಲ್ಲರೂ ಭಾವಿಸುತ್ತಾರೆ, ಆದರೆ ಸಾಮಾನ್ಯವಾಗಿ ಇರುವುದು ಇದಕ್ಕೆ ತದ್ವಿರುದ್ಧ. ಮೈಬೆವರು, ಮೂತ್ರ, ಚರ್ಮದ ಕೊಳೆ ಇವುಗಳಲ್ಲಿನ ಸಾರಜನಕಕ್ಕೆ ಕ್ಲೋರಿನ್ ಕೂಡಿ ಕ್ಲೋರಮೈನ್ ಆಗುತ್ತದೆ. ಘಾಟು ಹೊಡೆಯುವುದೂ ಕಣ್ಣು ಕೆಂಪಾಗಿಸುವುದೂ ಅದೇ. ಕ್ರಿಮಿ ಕೊಲ್ಲುವ ಶಕ್ತಿ ಅದಕ್ಕೆ ತೀರ ಕಡಿಮೆ.

ಮೊದಲು ಪಿಎಚ್ ನೋಡಬೇಕು, ಏಕೆಂದರೆ ಅದು ಅತ್ಯಂತ ಅಗ್ಗದ ಪರೀಕ್ಷೆ. ಮಲೆನಾಡು, ಕರಾವಳಿಯ ಮೆದು ನೀರಿನಲ್ಲಿ ಪಿಎಚ್ 7ಕ್ಕಿಂತ ಕೆಳಗೆ ಜಾರುವುದುಂಟು. ಟಿಸಿಸಿಎ ಸ್ವತಃ ಆಮ್ಲೀಯವಾದ್ದರಿಂದ ಅದನ್ನೇ ಬಳಸುತ್ತಿದ್ದರೆ ಇನ್ನೂ ಇಳಿಯುತ್ತದೆ. ಅಂಥ ನೀರು ಕಣ್ಣಿಗೂ ಉರಿ, ಚೌಕಟ್ಟಿನ ಕಬ್ಬಿಣಕ್ಕೂ ಕೇಡು. ಸಾವಿರ ಲೀಟರಿಗೆ 17 ಗ್ರಾಂ ಅಡುಗೆ ಸೋಡಾ ಹಾಕಿದರೆ ನೀರಿನ ಕ್ಷಾರತೆ 10 ಪಿಪಿಎಂನಷ್ಟು ಏರುತ್ತದೆ. ಕ್ಷಾರತೆ 80ರ ಸುತ್ತಮುತ್ತ ಬಂದರೆ ಪಿಎಚ್ ದಿನಕ್ಕೊಂದು ಆಟ ಆಡುವುದು ನಿಲ್ಲುತ್ತದೆ.

ಪಿಎಚ್ ಸರಿಯಿದ್ದರೆ ಮುಕ್ತ ಮತ್ತು ಒಟ್ಟು ಕ್ಲೋರಿನ್ ಎರಡನ್ನೂ ಅಳೆದು ವ್ಯತ್ಯಾಸ ತೆಗೆಯಬೇಕು. ಈ ವ್ಯತ್ಯಾಸ 0.5 ಪಿಪಿಎಂ ದಾಟಿದ್ದರೆ ಕ್ಲೋರಮೈನ್ ಕೂಡಿದೆ ಎಂದರ್ಥ. ಅದನ್ನು ಒಡೆಯಲು ವ್ಯತ್ಯಾಸದ ಹತ್ತು ಪಟ್ಟು ಕ್ಲೋರಿನ್ ಒಮ್ಮೆಗೇ ಬೇಕು, ಅರೆಬರೆ ಹಾಕಿದರೆ ವಾಸನೆ ಹೆಚ್ಚುವುದೇ ಹೊರತು ಹೋಗದು. ವ್ಯತ್ಯಾಸ 1 ಪಿಪಿಎಂ ಇರುವ 4,400 ಲೀಟರ್ ಕೊಳಕ್ಕೆ ಸುಮಾರು 130 ಗ್ರಾಂ ಬ್ಲೀಚಿಂಗ್ ಪೌಡರ್ ಆಗುತ್ತದೆ. ಇದನ್ನು ಸೂರ್ಯ ಮುಳುಗಿದ ಮೇಲೆ, ಕೊಳದ ಹೊದಿಕೆ ತೆಗೆದು, ಪಂಪು ಓಡಿಸಿ ಮಾಡಬೇಕು. ಮುಕ್ತ ಕ್ಲೋರಿನ್ 3ಕ್ಕೆ ಇಳಿಯುವವರೆಗೆ ಯಾರೂ ಇಳಿಯಬಾರದು.

ಮತ್ತೆ ಮತ್ತೆ ಇದೇ ತೊಂದರೆ ಬರುತ್ತಿದ್ದರೆ ಔಷಧಕ್ಕಿಂತ ಬಚ್ಚಲಿನ ಕಡೆ ಗಮನ ಹರಿಸಬೇಕು. ನಮ್ಮಲ್ಲಿ ರಜೆಯ ಬೆಳಿಗ್ಗೆ ಮಕ್ಕಳ ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿ ಹಾಗೆಯೇ ನೀರಿಗೆ ಬಿಡುವವರು ಇದ್ದಾರೆ. ಆ ಎಣ್ಣೆ ಕ್ಲೋರಿನ್ನನ್ನು ತಿನ್ನುತ್ತದೆ, ಫಿಲ್ಟರಿನ ಮಡಿಕೆಗಳನ್ನು ಮುಚ್ಚುತ್ತದೆ, ನೀರಿನ ಅಂಚಿಗೆ ಬೆರಳಿಗೆ ಅಂಟುವ ಕಂದು ಪಟ್ಟೆಯಾಗಿ ಕೂರುತ್ತದೆ. ಸೀಗೆಕಾಯಿಯೋ ಸೋಪೋ ಹಾಕಿ ಮೊದಲು ಮೀಯಿಸುವುದೊಂದೇ ಇದಕ್ಕೆ ಮದ್ದು.

ಲಕ್ಷಣ: ಬೆಳಿಗ್ಗೆ ಹಾಕಿದ ಕ್ಲೋರಿನ್ ಮಧ್ಯಾಹ್ನಕ್ಕೆ ಕಾಣುವುದಿಲ್ಲ

ಹೆಚ್ಚು ಮಂದಿ ದಾರಿ ತಪ್ಪುವುದು ಇಲ್ಲಿಯೇ. ಕ್ಲೋರಿನ್ ಮಾಯವಾಗಲು ಬಿಸಿಲು ಕಾರಣವೋ, ನೀರೊಳಗಿನ ಕೊಳೆ ಕಾರಣವೋ, ಅಥವಾ ಹಾಕಿದ ಪುಡಿಯೇ ಸತ್ತಿತ್ತೋ ಎಂಬುದನ್ನು ಬೇರ್ಪಡಿಸಬೇಕು.

ಪುಡಿಯಿಂದ ಆರಂಭಿಸೋಣ. ಬ್ಲೀಚಿಂಗ್ ಪೌಡರ್ ಗಾಳಿಯ ತೇವ ತಾಗಿದಂತೆ ಬಲ ಕಳೆದುಕೊಳ್ಳುತ್ತದೆ; ಬಾಯಿ ಬಿಗಿಯದ ಚೀಲದಲ್ಲಿದ್ದು ಗಂಟುಗಂಟಾಗಿ, ಮೂಗಿಗೆ ಹಿಡಿದರೂ ಘಾಟಿಲ್ಲದಂತಾಗಿದ್ದರೆ ಅದರಲ್ಲಿ ಉಳಿದಿರುವುದು ಬಹುಪಾಲು ಸುಣ್ಣ. ಹೈಪೋಕ್ಲೋರೈಟ್ ದ್ರಾವಣವೂ ಬಿಸಿಲಿನಲ್ಲಿಟ್ಟ ಕ್ಯಾನಿನಲ್ಲಿ ವಾರಗಳಲ್ಲೇ ಸೊರಗುತ್ತದೆ. ಹೊಸ ಪೊಟ್ಟಣದಿಂದ ಲೆಕ್ಕದಷ್ಟೇ ಹಾಕಿ ಅರ್ಧ ಗಂಟೆಯ ನಂತರ ಅಳೆದಾಗ ನಿರೀಕ್ಷಿಸಿದ ಸಂಖ್ಯೆ ಬಂದರೆ ಹಳೆಯ ಪುಡಿಯೇ ಕಳ್ಳ.

ಹೊಸ ಪುಡಿಗೂ ಸಂಖ್ಯೆ ನಿಲ್ಲದಿದ್ದರೆ ರಾತ್ರಿಯ ಪರೀಕ್ಷೆ ಮಾಡಬೇಕು. ಸೂರ್ಯಾಸ್ತದ ನಂತರ ಮುಕ್ತ ಕ್ಲೋರಿನ್ನನ್ನು 4 ಪಿಪಿಎಂಗೆ ತಂದು, ಪಂಪು ಓಡಿಸಿ, ಚೆನ್ನಾಗಿ ಬೆರೆತ ಮೇಲೆ ಅಳೆದು ಬರೆದಿಟ್ಟುಕೊಂಡು, ಮತ್ತೇನನ್ನೂ ಸೇರಿಸದೆ ಮರುದಿನ ಸೂರ್ಯೋದಯಕ್ಕೆ ಮುಂಚೆ ಇನ್ನೊಮ್ಮೆ ಅಳೆಯಬೇಕು. ಕತ್ತಲಲ್ಲಿ ಬಿಸಿಲಿನ ಪಾತ್ರವಿಲ್ಲ. ಹಾಗಾಗಿ ರಾತ್ರಿ ಕಳಕೊಂಡದ್ದು ಒಂದು ಪಿಪಿಎಂಗಿಂತ ಕಡಿಮೆಯಿದ್ದರೆ ನೀರು ಶುದ್ಧವಾಗಿದೆ, ಹಗಲು ಕ್ಲೋರಿನ್ ಕದಿಯುತ್ತಿರುವುದು ಸೂರ್ಯ. ಅದಕ್ಕಿಂತ ಹೆಚ್ಚಿದ್ದರೆ ಕಣ್ಣಿಗೆ ಕಾಣದ ಪಾಚಿಯೋ ಕೊಳೆಯೋ ಒಳಗಿದೆ, ಮುಂದೆ ಹಸಿರು ನೀರಿಗೆ ಹೇಳಿರುವ ಚಿಕಿತ್ಸೆಯನ್ನು ಈಗಲೇ ಮಾಡಬೇಕು.

ಸೂರ್ಯನೇ ಕಾರಣವೆಂದಾದರೆ ಎರಡು ದಾರಿಗಳಿವೆ. ತೆರೆದ ಅಂಗಳದ ಏಪ್ರಿಲ್ ಬಿಸಿಲಿನಲ್ಲಿ, ರಕ್ಷಣೆಯಿಲ್ಲದ ಕ್ಲೋರಿನ್ ಒಂದು ಗಂಟೆಯೊಳಗೇ ಅರ್ಧಕ್ಕಿಳಿಯುತ್ತದೆ. ಕೊಳದ ಮೇಲೆ ಹಸಿರು ಶೇಡ್ ನೆಟ್ ಕಟ್ಟುವುದು, ಔಷಧವನ್ನು ಬೆಳಿಗ್ಗೆಯ ಬದಲು ಸಂಜೆ ಹಾಕುವುದು ಸುಲಭದ ದಾರಿ. ಇನ್ನೊಂದು, ಕ್ಲೋರಿನ್ನನ್ನು ಬಿಸಿಲಿನಿಂದ ಕಾಯುವ, ಅಂಗಡಿಯವರು ಸ್ಟೆಬಿಲೈಸರ್ ಎನ್ನುವ ಸಯನ್ಯೂರಿಕ್ ಆಮ್ಲವನ್ನು 30 ಪಿಪಿಎಂನಷ್ಟು, ಅಂದರೆ ನಮ್ಮ ಉದಾಹರಣೆಯ ಕೊಳಕ್ಕೆ ಸುಮಾರು 130 ಗ್ರಾಂ, ಋತುವಿನ ಆರಂಭದಲ್ಲಿ ಒಮ್ಮೆ ಹಾಕುವುದು. ಅದು ಬೇಗ ಕರಗುವುದಿಲ್ಲ. ಹಳೆಯ ಕಾಲುಚೀಲದಲ್ಲಿ ಕಟ್ಟಿ ಪಂಪಿನಿಂದ ನೀರು ಬರುವ ಬಾಯಿಯ ಮುಂದೆ ತೂಗುಬಿಟ್ಟು, ಆಗಾಗ ಹಿಂಡಬೇಕು. ಸ್ಟೆಬಿಲೈಸರ್ ಇರುವ ನೀರಿನಲ್ಲಿ ಮುಕ್ತ ಕ್ಲೋರಿನ್ 2 ಪಿಪಿಎಂಗಿಂತ ಕೆಳಗೆ ಇಳಿಯಬಾರದು.

ಹೊಸದಾಗಿ ತುಂಬಿದ ಟ್ಯಾಂಕರ್ ನೀರಿಗೆ ಎಷ್ಟು ಹಾಕಿದರೂ ಮುಕ್ತ ಕ್ಲೋರಿನ್ ಶೂನ್ಯ, ಆದರೆ ಒಟ್ಟು ಕ್ಲೋರಿನ್ ಮಾತ್ರ ಏರುತ್ತಿದೆ ಎಂದಾದರೆ ಆ ನೀರಿನಲ್ಲಿ ಅಮೋನಿಯಾ ಇದೆ. ಒಂದು ಪಿಪಿಎಂ ಅಮೋನಿಯಾ ಸಾರಜನಕವನ್ನು ಮುಗಿಸಲು ಎಂಟರಿಂದ ಹತ್ತು ಪಿಪಿಎಂ ಕ್ಲೋರಿನ್ ಖರ್ಚಾಗುತ್ತದೆ. ಕೊಟ್ಟಿಗೆಯ ಅಥವಾ ಒಳಚರಂಡಿಯ ನೀರು ಆ ಮೂಲಕ್ಕೆ ಇಂಗುತ್ತಿರಬಹುದಾದ್ದರಿಂದ, ಇಂಥ ನೀರನ್ನು ಔಷಧದಿಂದ ಗೆಲ್ಲಲು ಹೊರಡುವ ಮುನ್ನ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಕ್ಷೇಮ.

ಲಕ್ಷಣ: ಕಿಟ್ ಕ್ಲೋರಿನ್ ತೋರಿಸುತ್ತಿದೆ, ಆದರೂ ಗೋಡೆ ಜಾರುತ್ತದೆ

ಮಾರ್ಚ್, ಏಪ್ರಿಲ್ ಸಲೀಸಾಗಿ ಕಳೆದು ಮೇ ತಿಂಗಳಲ್ಲಿ ಮಾತ್ರ ಕಾಣಿಸಿಕೊಳ್ಳುವ ದೋಷವಿದು. ಅಂಗೈಯಲ್ಲಿ ಗೋಡೆ ಸವರಿದರೆ ಲೋಳೆ ಲೋಳೆ, ಕಿಟ್‌ನಲ್ಲಿ ಮಾತ್ರ ಎರಡು ಪಿಪಿಎಂ.

ಇದಕ್ಕೆ ಮೊದಲ ಕಾರಣ ಪಿಎಚ್. ನೀರಿಗೆ ಬಿದ್ದ ಕ್ಲೋರಿನ್ನಿನಲ್ಲಿ ಕ್ರಿಮಿಗಳನ್ನು ಬೇಗ ಕೊಲ್ಲುವ ಭಾಗ ಹೈಪೋಕ್ಲೋರಸ್ ಆಮ್ಲ. ಪಿಎಚ್ 7.5ರಲ್ಲಿ ಅದು ಅರ್ಧದಷ್ಟಿದ್ದರೆ 8.5ರಲ್ಲಿ ಹತ್ತನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಬ್ಲೀಚಿಂಗ್ ಪೌಡರ್ ಪಿಎಚ್ಚನ್ನು ಏರಿಸುತ್ತದೆ. ಬಯಲುಸೀಮೆಯ ಗಡಸು ನೀರು ಮೊದಲೇ ಆ ಕಡೆ ವಾಲಿರುತ್ತದೆ. ಇಳಿಸಲು ಪೂಲ್ ಸಾಮಗ್ರಿಯ ಅಂಗಡಿಯಲ್ಲಿ ಸಿಗುವ ಒಣ ಆಮ್ಲ, ಅಂದರೆ ಸೋಡಿಯಂ ಬೈಸಲ್ಫೇಟ್, ಮನೆಯವರಿಗೆ ಹೆಚ್ಚು ಸುರಕ್ಷಿತ. ಅದನ್ನು ಲೇಬಲ್ ಹೇಳಿದ್ದರ ಅರ್ಧದಷ್ಟು ಹಾಕಿ, ನಾಲ್ಕು ಗಂಟೆ ಬಿಟ್ಟು ಅಳೆದು ಮುಂದುವರಿಯಬೇಕು.

ಪಿಎಚ್ ಸರಿಯಿದ್ದೂ ಗೋಡೆ ಜಾರುತ್ತಿದ್ದರೆ, ಬಳಸಿದ್ದು ಟಿಸಿಸಿಎ ಆಗಿದ್ದರೆ, ಕಾರಣ ಬಹುಮಟ್ಟಿಗೆ ಖಚಿತ. ಟಿಸಿಸಿಎ ಮೂಲಕ 10 ಪಿಪಿಎಂ ಕ್ಲೋರಿನ್ ಹಾಕಿದಾಗಲೆಲ್ಲ 6 ಪಿಪಿಎಂ ಸಯನ್ಯೂರಿಕ್ ಆಮ್ಲವೂ ಜೊತೆಗೇ ಸೇರುತ್ತದೆ. ಕ್ಲೋರಿನ್ ಖರ್ಚಾಗಿ ಹೋಗುತ್ತದೆ; ಆಮ್ಲ ಆವಿಯಾಗದೆ, ಫಿಲ್ಟರಿಗೂ ಸಿಗದೆ ಕೂಡುತ್ತಲೇ ಇರುತ್ತದೆ. ದಿನಕ್ಕೆ ಎರಡು ಪಿಪಿಎಂನಂತೆ ಅರವತ್ತು ದಿನ ಹಾಕಿದ ಕೊಳದಲ್ಲಿ ಅದು 72 ಪಿಪಿಎಂ ಮುಟ್ಟಿರುತ್ತದೆ. ಅಷ್ಟರಲ್ಲಿ ಕ್ಲೋರಿನ್ ಬಹುಪಾಲು ಅದಕ್ಕೆ ಅಂಟಿಕೊಂಡು, ಅವಧಿಗೆ ಮುನ್ನ ಬಿಡಿಸಲಾಗದ ಬ್ಯಾಂಕ್ ಠೇವಣಿಯಂತೆ ಕೂತಿರುತ್ತದೆ: ಪಾಸ್‌ಬುಕ್ಕಿನಲ್ಲಿ ಮೊತ್ತವಿದೆ, ಕೈಯಲ್ಲಿ ಕಾಸಿಲ್ಲ. ರೂಢಿಯ ಲೆಕ್ಕದಂತೆ ಮುಕ್ತ ಕ್ಲೋರಿನ್ ಸಯನ್ಯೂರಿಕ್ ಆಮ್ಲದ ಶೇ. 7.5ರಷ್ಟಾದರೂ ಇರಬೇಕು, 72ಕ್ಕೆ ಅದು 5 ಪಿಪಿಎಂ ಮೀರುತ್ತದೆ, ಎರಡು ಎಲ್ಲಿಗೂ ಸಾಲದು.

ಆಮ್ಲವನ್ನು ಅಳೆಯಲು ಬೇರೆ ಕಿಟ್ ಇದೆ. ಕೊಳದ ನೀರಿಗೆ ಅದರ ದ್ರಾವಣ ಬೆರೆಸಿದಾಗ ಮೋಡ ಕವಿದಂತಾಗುವ ಮಿಶ್ರಣವನ್ನು, ತಳದಲ್ಲಿ ಕಪ್ಪು ಚುಕ್ಕೆಯಿರುವ ಕೊಳವೆಗೆ ನಿಧಾನವಾಗಿ ಸುರಿಯುತ್ತಾ, ಚುಕ್ಕೆ ಮರೆಯಾದ ಗೆರೆಯನ್ನು ಓದುವುದು ಅದರ ವಿಧಾನ. ಓದು 50ರ ಒಳಗಿದ್ದರೆ ಚಿಂತೆಯಿಲ್ಲ. ಅದನ್ನು ಬಹಳ ಮೀರಿದ್ದರೆ ನೀರು ಬದಲಿಸದೆ ಬೇರೆ ದಾರಿ ಇಲ್ಲ. ಅರ್ಧ ನೀರು ಬದಲಿಸಿದರೆ ಆಮ್ಲವೂ ಅರ್ಧವಾಗುತ್ತದೆ, ಪೂರ್ತಿ ಚೆಲ್ಲಬೇಕಿಲ್ಲ. ಆರಂಭದಿಂದಲೇ ಮೂರು ವಾರ ಟಿಸಿಸಿಎ ಬಳಸಿ, ಅದು ತಂದ ಆಮ್ಲ 30ರ ಹತ್ತಿರ ಬರುತ್ತಿದ್ದಂತೆ ಹೈಪೋಕ್ಲೋರೈಟ್ ದ್ರಾವಣಕ್ಕೆ ಬದಲಾಯಿಸಿಕೊಳ್ಳುವವರು ಈ ಖರ್ಚನ್ನೇ ತಪ್ಪಿಸಿಕೊಳ್ಳುತ್ತಾರೆ. ಇಂಥವರು ಸ್ಟೆಬಿಲೈಸರನ್ನು ಬೇರೆಯಾಗಿ ಹಾಕಬಾರದು.

ಲಕ್ಷಣ: ನೀರು ಹಸಿರು

ಹಸಿರು ಎಂದರೆ ಪಾಚಿ, ಪಾಚಿ ಎಂದರೆ ಕೆಲವು ದಿನಗಳಿಂದ ಕ್ಲೋರಿನ್ ಸಾಲದೆ ಬಂದಿದೆ. ಒಂದೇ ಅಪವಾದವೆಂದರೆ ತಿಳಿಯಾಗಿಯೇ ಹಸಿರು ಛಾಯೆ ಬಂದಿರುವ ನೀರು. ಯಾರಾದರೂ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಹಾಕಿದ್ದರೆ ಹಾಗಾಗುತ್ತದೆ. ಅಡಿಕೆ, ಕಾಫಿ ಸೀಮೆಯಲ್ಲಿ ಬೆಳೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ಮನೆಯಲ್ಲೇ ಇರುವುದರಿಂದ ಈ ಆಸೆ ಸಹಜ. ಪಾಚಿಯೇನೋ ಸಾಯುತ್ತದೆ, ಆದರೆ ತಾಮ್ರ ಪ್ಲಾಸ್ಟಿಕ್ ಹಾಳೆಗೆ ಕಲೆ ಕಟ್ಟಿಸುತ್ತದೆ, ಕೂದಲಿಗೆ ಹಸಿರು ಹಿಡಿಸುತ್ತದೆ, ಮುಂದೆ ಆ ನೀರು ಹರಿದ ಕಡೆ ಮೀನುಗಳು ಸಾಯುತ್ತವೆ. ನನ್ನ ಸಲಹೆ, ಅದು ತೋಟದಲ್ಲೇ ಇರಲಿ.

ಚಿಕಿತ್ಸೆ ಮೈಮುರಿದು ಮಾಡುವ ಕೆಲಸ. ಎಲೆ, ಹುಳು ತೆಗೆದು, ಪಿಎಚ್ಚನ್ನು 7.2ಕ್ಕೆ ತಂದು, ಗೋಡೆ ಮತ್ತು ತಳವನ್ನು ಮೆದು ಬ್ರಷ್ಷಿನಿಂದ ಪೂರ್ತಿ ಉಜ್ಜಿ, ಸಂಜೆ ಮುಕ್ತ ಕ್ಲೋರಿನ್ನನ್ನು 10ರಿಂದ 12 ಪಿಪಿಎಂಗೆ ಏರಿಸಬೇಕು. ಬ್ಲೀಚಿಂಗ್ ಪೌಡರನ್ನು ನೇರವಾಗಿ ಎರಚದೆ ಪ್ಲಾಸ್ಟಿಕ್ ಬಕೆಟ್ಟಿನ ನೀರಿನಲ್ಲಿ ಕದಡಿ, ಅರ್ಧ ಗಂಟೆ ಬಿಟ್ಟು, ತಳದಲ್ಲಿ ಬಿಳಿ ಸುಣ್ಣದ ಗಸಿ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಕೊಳದ ಸುತ್ತ ಸುರಿಯಬೇಕು. ಈ ಮಟ್ಟ ಕುಸಿದಾಗಲೆಲ್ಲ ಮತ್ತೆ ಏರಿಸುತ್ತಾ, ದಿನವೂ ಉಜ್ಜುತ್ತಾ, ಪಂಪನ್ನು ಹಗಲು ರಾತ್ರಿ ಓಡಿಸುತ್ತಾ ಇದ್ದರೆ ನೀರು ಹಸಿರಿನಿಂದ ಬೂದು ಬಣ್ಣಕ್ಕೆ, ಅಲ್ಲಿಂದ ತಿಳಿಗೆ ಬರುತ್ತದೆ. ಬೂದು ಬಣ್ಣ ಸತ್ತ ಪಾಚಿಯ ಗುರುತು. ಆಗ ಕಾರ್ಟ್ರಿಜ್ಜನ್ನು ದಿನಕ್ಕೆರಡು ಬಾರಿ ತೊಳೆಯಬೇಕಾದೀತು. ಹಿಂದೆ ಹೇಳಿದ ರಾತ್ರಿಯ ಪರೀಕ್ಷೆಯಲ್ಲಿ ನಷ್ಟ ಒಂದು ಪಿಪಿಎಂಗಿಂತ ಕಡಿಮೆಯಾದ ದಿನ ಚಿಕಿತ್ಸೆ ಮುಗಿಯಿತು.

ಇಷ್ಟು ಕ್ಲೋರಿನ್ ಇರುವಾಗ ಡಿಪಿಡಿ ಕಿಟ್ ಮೋಸ ಮಾಡುತ್ತದೆ. ಗುಲಾಬಿ ಬಣ್ಣ ಮಿಂಚಿ ಮರೆಯಾಗಿ ಮಾದರಿ ಬಣ್ಣಗೆಡುವುದನ್ನು ಕಂಡು, ಕ್ಲೋರಿನ್ ಇಲ್ಲವೆಂದು ಇನ್ನಷ್ಟು ಸುರಿಯುವ ಅಪಾಯವಿದೆ. ಒಂದು ಭಾಗ ಕೊಳದ ನೀರಿಗೆ ನಾಲ್ಕು ಭಾಗ ಬಾಟಲಿ ನೀರು ಬೆರೆಸಿ ಅಳೆದು, ಬಂದ ಸಂಖ್ಯೆಯನ್ನು ಐದರಿಂದ ಗುಣಿಸಿದರೆ ನಿಜ ತಿಳಿಯುತ್ತದೆ.

ಲಕ್ಷಣ: ಬಿಳಿ ಮಸುಕು, ತಳ ಕಾಣದು

ತಳಕ್ಕೆ ಒಂದು ನಾಣ್ಯ ಹಾಕಿ ನೋಡಬೇಕು. ನಾಣ್ಯದ ಅಂಚು ಸ್ಪಷ್ಟವಾಗಿ ಕಾಣದಿದ್ದರೆ ಕಾರಣ ಏನೇ ಇರಲಿ, ಅಂದು ಯಾರೂ ಇಳಿಯಬಾರದು. ಅಷ್ಟು ಮಸುಕಿದ್ದರೂ ಮುಳುಗಿದ ಮಗು ಕಣ್ಣಿಗೆ ಬೀಳದೆ ಹೋಗಬಹುದು.

ಕಾರಣಗಳಲ್ಲಿ ಮೊದಲು ಕಾರ್ಟ್ರಿಜ್. ಅದನ್ನು ತೆಗೆದು ಮಡಿಕೆ ಮಡಿಕೆ ಬಿಡಿಸಿ ಪೈಪಿನ ನೀರು ಹಾಯಿಸಿ, ಎಣ್ಣೆ ಜಿಡ್ಡಿದ್ದರೆ ಸೋಪಿನ ನೀರಿನಲ್ಲಿ ನೆನೆಸಿ ತೊಳೆಯಬೇಕು. ಎರಡನೆಯದು ಪಂಪು ಓಡಿದ ಹೊತ್ತು. ಗಂಟೆಗೆ 1,250 ಲೀಟರ್ ಎಂದು ಬರೆದ ಪಂಪು 4,400 ಲೀಟರನ್ನು ಒಮ್ಮೆ ಸುತ್ತಿಸಲು ಮೂರೂವರೆ ಗಂಟೆ ಬೇಕು, ದಿನಕ್ಕೆ ಎರಡು ಸುತ್ತಾದರೂ ಆಗಬೇಕು. ಕರೆಂಟ್ ಹೋದ ಗಂಟೆಗಳನ್ನು ಈ ಲೆಕ್ಕದಲ್ಲಿ ಕಳೆಯುವುದನ್ನು ಮರೆಯಬಾರದು. ಮೂರನೆಯದು ಗಡಸು ನೀರು. ಪಿಎಚ್ ಏರಿದಾಗ ಅದರ ಸುಣ್ಣ ಬಿಡಿಯಾಗಿ ತೇಲುತ್ತದೆ. ಪಿಎಚ್ ಇಳಿಸಿದರೆ ಬಹುಪಾಲು ತಿಳಿಯಾಗುತ್ತದೆ.

ಇಷ್ಟಕ್ಕೂ ಬಗ್ಗದ ಮಸುಕಿಗೆ ಪಟಿಕ ಇದೆ. ಸಾವಿರ ಲೀಟರಿಗೆ 20ರಿಂದ 30 ಗ್ರಾಂ ಕರಗಿಸಿ ಹಾಕಿ, ನೀರನ್ನು ನಿಧಾನವಾಗಿ ಕಲಕಿ, ಪಂಪು ನಿಲ್ಲಿಸಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ತಳದಲ್ಲಿ ಹತ್ತಿಯೆಳೆಯಂಥ ಕೆಸರು ಕೂತಿರುತ್ತದೆ. ಅದನ್ನು ಕಲಕದಂತೆ ರಬ್ಬರ್ ಕೊಳವೆಯಿಂದ ಸೈಫನ್ ಮಾಡಿ ಹೊರಗೆ ಬಿಡಬೇಕು, ಫಿಲ್ಟರ್ ಮೂಲಕ ಎಳೆಯಬಾರದು. ಪಟಿಕ ಪಿಎಚ್ ಇಳಿಸುವುದರಿಂದ ನಂತರ ಮತ್ತೆ ಅಳೆಯಬೇಕು.

ಲಕ್ಷಣ: ಔಷಧ ಹಾಕಿದ ಕೂಡಲೇ ನೀರು ಚಹಾ ಬಣ್ಣಕ್ಕೆ ತಿರುಗಿತು

ಕೊಳವೆಬಾವಿಯ ನೀರಿನಲ್ಲಿ ಕರಗಿದ್ದ ಕಬ್ಬಿಣ ಕ್ಲೋರಿನ್ ತಾಗಿ ತುಕ್ಕಾಗಿದೆ, ಕಪ್ಪಾದರೆ ಮ್ಯಾಂಗನೀಸ್. ಗಾಬರಿ ಬೇಡ, ಇದು ರೋಗದ ಲಕ್ಷಣವಲ್ಲ. ನೀರು ಮರಳುವ ಬಾಯಿಗೆ ದಿಂಬಿನ ಪಾಲಿಯೆಸ್ಟರ್ ಹತ್ತಿ ತುಂಬಿದ ಬಟ್ಟೆ ಚೀಲ ಕಟ್ಟಿ ಪಂಪು ಓಡಿಸಿದರೆ ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತಾ ನೀರು ತಿಳಿಯಾಗುತ್ತದೆ. ಆವಿಯಾದಷ್ಟನ್ನು ಅದೇ ಬೋರ್ ನೀರಿನಿಂದ ತುಂಬುವಾಗಲೂ ಆ ಚೀಲದ ಮೂಲಕವೇ ಹಾಯಿಸುವುದು ಒಳ್ಳೆಯದು.

ಲಕ್ಷಣ: ಸೊಳ್ಳೆ ಮರಿ, ಅಥವಾ ನೀರಿನಲ್ಲಿ ಮಲ

ಸೊಳ್ಳೆ ಮರಿಗಳು ಕಂಡವೆಂದರೆ ಆ ನೀರಿನಲ್ಲಿ ಹಲವು ದಿನಗಳಿಂದ ಕ್ಲೋರಿನ್ ಇಲ್ಲ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ವಾರ, ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೂ ದಂಡ ವಿಧಿಸಿದೆ. ಮರಿಗಳನ್ನು ಬಲೆಯಿಂದ ತೆಗೆದು, ಹಸಿರು ನೀರಿನ ಚಿಕಿತ್ಸೆ ಮಾಡಬೇಕು. ಬಳಸುವ ಮನಸ್ಸಿಲ್ಲದಿದ್ದರೆ ಅಂದೇ ಖಾಲಿ ಮಾಡಬೇಕು.

ಮಲದ ವಿಷಯದಲ್ಲಿ ಗಟ್ಟಿ ಮತ್ತು ಭೇದಿ ಎಂಬ ವ್ಯತ್ಯಾಸ ಮುಖ್ಯ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ, ಒಂದು ಪಿಪಿಎಂ ಮುಕ್ತ ಕ್ಲೋರಿನ್ ಮತ್ತು 7.5 ಪಿಎಚ್ ಇರುವ ನೀರಿನಲ್ಲಿ ಇ-ಕೋಲಿ ಒಂದು ನಿಮಿಷದೊಳಗೆ, ಜಿಯಾರ್ಡಿಯಾ ಸುಮಾರು 45 ನಿಮಿಷದಲ್ಲಿ ಸಾಯುತ್ತವೆ. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಮಾತ್ರ ಏಳು ದಿನಕ್ಕೂ ಹೆಚ್ಚು ಬದುಕುತ್ತದೆ. ಗಟ್ಟಿ ಮಲವಾದರೆ ಎಲ್ಲರನ್ನೂ ಹೊರಗೆ ಕಳಿಸಿ, ಅದನ್ನು ಎತ್ತಿ ತೆಗೆದು, ಪಿಎಚ್ 7.5 ಮೀರದಂತೆ ನೋಡಿಕೊಂಡು, ಮುಕ್ತ ಕ್ಲೋರಿನ್ ಕನಿಷ್ಠ ಎರಡು ಪಿಪಿಎಂಗೆ ತಂದು ಅರ್ಧ ಗಂಟೆ ಕಾಯಬೇಕು. ಭೇದಿಯಾದರೆ ಇಷ್ಟು ಚಿಕ್ಕ ಕೊಳವನ್ನು ಉಳಿಸಲು ಹೆಣಗುವುದರಲ್ಲಿ ಅರ್ಥವಿಲ್ಲ. ಕ್ಲೋರಿನ್ ಏರಿಸಿ ಒಂದು ರಾತ್ರಿ ಬಿಟ್ಟು, ನೀರನ್ನು ಹೊರಹಾಕಿ, ಉಜ್ಜಿ ಒಣಗಿಸಿ, ಕಾರ್ಟ್ರಿಜ್ಜನ್ನೂ ಬದಲಿಸುವುದೇ ಸರಿ. ನೀರು ಉಳಿಸಬೇಕೆಂಬ ನನ್ನ ಹಟ ಇಲ್ಲಿಗೆ ಅನ್ವಯಿಸುವುದಿಲ್ಲ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಎರಡು ವಾರಕ್ಕೂ ಹಸಿರು ಹೋಗದಿದ್ದರೆ, ಕ್ಲೋರಿನ್ ಏರಿಸಿದಷ್ಟೂ ಇಳಿಯುತ್ತಿದ್ದರೆ, ಮನೆಯ ಪ್ರಯೋಗ ಅಲ್ಲಿಗೆ ನಿಲ್ಲಲಿ; ಒಂದು ಲೀಟರ್ ನೀರನ್ನು ಜಿಲ್ಲಾ ಅಥವಾ ತಾಲ್ಲೂಕು ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಬೇಕು. ಜಲಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿರುವ ಪರೀಕ್ಷಾ ಕಿಟ್‌ನಿಂದ ಗಡಸುತನ ಮತ್ತು ಕಬ್ಬಿಣವನ್ನು ಊರಿನಲ್ಲೇ ತಿಳಿಯಬಹುದು. ನೀರು ಮುಟ್ಟಿದರೆ ಜುಮ್ಮೆಂದರೆ, ಆರ್‌ಸಿಸಿಬಿ ಪದೇ ಪದೇ ಬಿದ್ದರೆ, ಮುಖ್ಯ ಸ್ವಿಚ್ ಆರಿಸಿ ವಿದ್ಯುತ್ ಕೆಲಸದವರನ್ನು ಕರೆಸುವವರೆಗೆ ಕೊಳದ ಹತ್ತಿರ ಯಾರೂ ಸುಳಿಯಬಾರದು.

2024ರಿಂದ ಕೇರಳದಲ್ಲಿ ಹೆಚ್ಚಾಗಿ ವರದಿಯಾಗುತ್ತಿರುವ ಅಮೀಬಾ ಮಿದುಳು ಜ್ವರದ ಸುದ್ದಿ ಓದಿ ಹಲವರು ಹೆದರಿದ್ದಾರೆ. ನೆಗ್ಲೇರಿಯಾ ಎಂಬ ಆ ಅಮೀಬಾ ಬೆಚ್ಚಗಿನ, ಕ್ಲೋರಿನ್ ಇಲ್ಲದ ಸಿಹಿನೀರಿನಲ್ಲಿ ಬೆಳೆದು ಮೂಗಿನ ಮೂಲಕ ಒಳಹೋಗುತ್ತದೆ. ಕ್ಲೋರಿನ್ ಮತ್ತು ಪಿಎಚ್ ಸರಿಯಾಗಿರುವ ಕೊಳದಲ್ಲಿ ಅದು ಉಳಿಯದು. ಆದರೂ ಕೆಟ್ಟ ನೀರಿನಲ್ಲಿ ಆಡಿದ ಒಂದೆರಡು ವಾರದೊಳಗೆ ಮಗುವಿಗೆ ಜ್ವರ, ತೀವ್ರ ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು, ನೀರಿಗಿಳಿದಿದ್ದ ಸಂಗತಿಯನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು.

ಮಳೆಗೆ ಮುನ್ನ ಖಾಲಿ ಮಾಡುವಾಗ

ಔಷಧ ನಿಲ್ಲಿಸಿ, ಹೊದಿಕೆ ತೆಗೆದು, ಎರಡು ಮೂರು ದಿನ ಬಿಸಿಲಿಗೆ ಬಿಟ್ಟು, ಕಿಟ್‌ನಲ್ಲಿ ಕ್ಲೋರಿನ್ ಶೂನ್ಯ ಬಂದ ಮೇಲೆ ನೀರನ್ನು ತೆಂಗಿನ ಬುಡಗಳಿಗೆ ಹಂಚಿ ಹಾಯಿಸಬಹುದು. ಕೆರೆ, ಹಳ್ಳಕ್ಕೆ ಬಿಡಬಾರದು. ತರಕಾರಿ ಸಸಿಗಳಿಗೆ ಬೇಡ. ಹಾಳೆಯ ಮಡಿಕೆಗಳೊಳಗಿನ ತೇವ ಪೂರ್ತಿ ಆರಿದ ಮೇಲೆಯೇ ಸುತ್ತಿಡಬೇಕು. ಉಳಿದ ಬ್ಲೀಚಿಂಗ್ ಪೌಡರನ್ನು ಮುಂದಿನ ಬೇಸಿಗೆಗೆ ಕಾದಿಡುವುದರಲ್ಲಿ ಉಪಯೋಗವಿಲ್ಲ, ಅಷ್ಟರಲ್ಲಿ ಅದರ ಬಲ ಇಳಿದಿರುತ್ತದೆ. ಮನೆಯ ಚರಂಡಿ, ಬಚ್ಚಲಿಗೆ ಬಳಸಿ ಈಗಲೇ ಮುಗಿಸುವುದು ಲೇಸು, ಆ್ಯಸಿಡ್ ಹಾಕಿದ ಜಾಗದಲ್ಲಿ ಮಾತ್ರ ಬಳಸಬಾರದು.